ಟುಪಾಕ್, ಬಿಗ್ಗಿ ಮತ್ತು ಸೆಪ್ಟೆಂಬರ್ 13

13 ಸೆಪ್ಟೆಂಬರ್ 2025, ಶನಿವಾರ

ಇವತ್ತು ಅಮೆರಿಕದ ರ‍್ಯಾಪ್ ಗಾಯಕ ಟುಪಾಕ್ ತೀರಿಕೊಂಡ ದಿನ. 1996ರಲ್ಲಿ ಲಾಸ್ ವೇಗಸ್‌ನಲ್ಲಿ ಗುಂಡೇಟು ಬಿದ್ದು, ಆರು ದಿನ ಆಸ್ಪತ್ರೆಯಲ್ಲಿದ್ದು ಹೋದ. ಬರೀ 25 ವರ್ಷ. ಅದಕ್ಕೆ ಸರಿಯಾಗಿ ಎರಡು ವರ್ಷ ಮುಂಚೆ, ಇದೇ ತಾರೀಖಿಗೆ, ಅಲ್ಲಿನ ಇನ್ನೊಬ್ಬ ರ‍್ಯಾಪ್ ಗಾಯಕ ಬಿಗ್ಗಿಯ ಮೊದಲ ಆಲ್ಬಮ್ ‘ರೆಡಿ ಟು ಡೈ’ ಬಂದಿತ್ತು. ಹಾಗಾಗಿ ಈ ದಿನ ನಾನು ಇಬ್ಬರನ್ನೂ ಕೇಳುತ್ತೇನೆ.

ಮಧ್ಯಾಹ್ನ ತಮ್ಮ ಪಕ್ಕದಲ್ಲಿ ಬಂದು ಕೂತ. “ಅಕ್ಕಾ, ಇವರಲ್ಲಿ ಯಾರು ದೊಡ್ಡವರು?” ಅಂದ.

ಕೈಚಳಕದಲ್ಲಿ ಬಿಗ್ಗಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಸಾಲಿನ ಕೊನೆಯಲ್ಲಿ ಮಾತ್ರ ಅಲ್ಲ, ಸಾಲಿನ ಹೊಟ್ಟೆಯೊಳಗೂ ಪ್ರಾಸ ಇಡುತ್ತಾನೆ. ಉಸಿರು ಎಲ್ಲಿ ತೆಗೆದುಕೊಂಡ ಅಂತ ಗೊತ್ತೇ ಆಗುವುದಿಲ್ಲ. ಹಾಳೆ ಮುಟ್ಟದೆ, ತಲೆಯಲ್ಲೇ ಪದ ಕಟ್ಟಿಕೊಂಡು ಮೈಕ್ ಮುಂದೆ ನಿಲ್ಲುತ್ತಿದ್ದನಂತೆ. ‘ಜೂಸಿ’ ಹಾಡಿನಲ್ಲಿ ರಾತ್ರಿ ಊಟಕ್ಕೆ ಸಾರ್ಡೀನ್ ಮೀನು ತಿಂದ ದಿನಗಳು ಬರುತ್ತವೆ. ನಮ್ಮ ಬೂತಾಯಿ ಜಾತಿಯದ್ದೇ, ಅಲ್ವಾ? ಒಂದೇ ಮಾತಿನಲ್ಲಿ ಇಡೀ ಬಡ ಮನೆ ಕಾಣುತ್ತದೆ. ಆದರೆ ಅವನ ತಾಯಿ ವೊಲೆಟ್ಟಾ, ಹಾಡಿನಲ್ಲಿ ಇರುವಷ್ಟು ಬಡತನ ನಮ್ಮ ಮನೆಯಲ್ಲಿ ಇರಲಿಲ್ಲ ಅನ್ನುತ್ತಿದ್ದರು. ಅವರು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಮಗ ಒಳ್ಳೆಯ ಕಥೆಗಾರ.

ಟುಪಾಕ್ ಹಾಗಲ್ಲ. ಸ್ವರ ಎಳೆದು, ಎದುರಿಗೆ ಕೂತು ಮಾತಾಡಿದ ಹಾಗೆ ಹಾಡುತ್ತಾನೆ. ‘ಡಿಯರ್ ಮಾಮಾ’ದಲ್ಲಿ ತಾಯಿ ಕ್ರ್ಯಾಕ್ ಅನ್ನುವ ಮಾದಕವಸ್ತುವಿನ ಚಟಕ್ಕೆ ಬಿದ್ದಿದ್ದನ್ನು ಮುಚ್ಚಿಡುವುದಿಲ್ಲ. ಆದರೂ ಅವರನ್ನು ರಾಣಿ ಅನ್ನುತ್ತಾನೆ. ಆ ತಾಯಿ ಅಫೇನಿ, ಕಪ್ಪು ಜನರ ಹಕ್ಕಿಗೆ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. ಬಸುರಿಯಾಗಿ ಜೈಲಿನಲ್ಲಿದ್ದುಕೊಂಡು, ಕೋರ್ಟಿನಲ್ಲಿ ತಾವೇ ವಾದ ಮಾಡಿ, 1971ರ ಮೇನಲ್ಲಿ ಬಿಡುಗಡೆಯಾದರು. ಮುಂದಿನ ತಿಂಗಳೇ ಟುಪಾಕ್ ಹುಟ್ಟಿದ. ಈ ಹಾಡು ನೂರನೇ ಸಲ ಕೇಳಿದರೂ ನನ್ನ ಗಂಟಲು ಕಟ್ಟುತ್ತದೆ.

ಟುಪಾಕ್ ಅಂದರೆ ಎಲ್ಲರಿಗೂ ಕ್ಯಾಲಿಫೋರ್ನಿಯಾ. ಅವನು ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ ಅಂದಾಗ ತಮ್ಮ ನಂಬಲಿಲ್ಲ. ಹೌದು, ಹಾರ್ಲೆಮ್‌ನಲ್ಲಿ. ಬಾಲ್ಟಿಮೋರ್‌ನ ಕಲಾಶಾಲೆಯಲ್ಲಿ ನಾಟಕ, ಬ್ಯಾಲೆ ಕಲಿತು, ಕ್ಯಾಲಿಫೋರ್ನಿಯಾ ಸೇರಿದ್ದು 1988ರಲ್ಲಿ. ಬಿಗ್ಗಿ ಅದೇ ನ್ಯೂಯಾರ್ಕಿನ ಬ್ರೂಕ್ಲಿನ್‌ನವನು. ಇಬ್ಬರೂ ಒಂದೇ ಊರಲ್ಲಿ ಹುಟ್ಟಿದವರು, ಮೊದಲು ಸ್ನೇಹಿತರು. 1994ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಸ್ಟುಡಿಯೋ ಕಟ್ಟಡದಲ್ಲಿ ಟುಪಾಕ್‌ಗೆ ಗುಂಡು ಬಿತ್ತು. ಬಿಗ್ಗಿ ಆಗ ಮೇಲಿನ ಮಹಡಿಯಲ್ಲಿದ್ದ. ಅವನಿಗೆ ಮೊದಲೇ ಗೊತ್ತಿತ್ತು ಅಂತ ಟುಪಾಕ್ ನಂಬಿದ. ಬಿಗ್ಗಿ ಇಲ್ಲ ಅಂದ. ಅಲ್ಲಿಂದ ಎಲ್ಲ ಕೆಟ್ಟಿತು. ಇಬ್ಬರು ಹುಡುಗರ ಮುನಿಸನ್ನು ನ್ಯೂಯಾರ್ಕ್ ಕಡೆಯ ಈಸ್ಟ್ ಕೋಸ್ಟ್, ಕ್ಯಾಲಿಫೋರ್ನಿಯಾ ಕಡೆಯ ವೆಸ್ಟ್ ಕೋಸ್ಟ್ ಯುದ್ಧ ಮಾಡಿ ಮಾರಿದರು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

1997ರ ಮಾರ್ಚ್ 9ಕ್ಕೆ ಲಾಸ್ ಏಂಜಲಿಸ್‌ನಲ್ಲಿ ಗುಂಡೇಟಿಗೆ ಬಿಗ್ಗಿಯೂ ಹೋದ. 24 ವರ್ಷ.

ಸಂಜೆ ತಮ್ಮನಿಗೆ 1999ರ ಎಂಟಿವಿ ಪ್ರಶಸ್ತಿ ಸಮಾರಂಭದ ವಿಡಿಯೋ ತೋರಿಸಿದೆ. ಅಫೇನಿ, ವೊಲೆಟ್ಟಾ ಒಟ್ಟಿಗೆ ವೇದಿಕೆಯ ಮೇಲಿದ್ದಾರೆ. ಅಫೇನಿ 2016ರಲ್ಲಿ ತೀರಿಕೊಂಡರು, ವೊಲೆಟ್ಟಾ ಈ ಫೆಬ್ರವರಿಯಲ್ಲಿ. ತಮ್ಮ ಎರಡು ಸಲ ನೋಡಿದ. “ಅಮ್ಮನಿಗೂ ತೋರಿಸೋಣ್ವಾ?” ಅಂದ. ಅಮ್ಮ ಅಡುಗೆಮನೆಯಲ್ಲಿದ್ದರು. ಕರೆದೆ.