ಹೆಡ್‌ಫೋನಿಗೆ ಆಂಪ್ಲಿಫೈಯರ್ ಬೇಕೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತ, ಬಿಡುವಿನಲ್ಲಿ ಹಿಂದುಸ್ತಾನಿ ಸಂಗೀತ ಕೇಳುತ್ತ ಬಂದಿರುವ ನನಗೆ ಹುಡುಗರಿಂದಲೂ ಕೆಲವೊಮ್ಮೆ ಅವರ ಅಪ್ಪಂದಿರಿಂದಲೂ ತಪ್ಪದೆ ಬರುವ ಪ್ರಶ್ನೆಯೊಂದಿದೆ: “ಸರ್, ನನ್ನ ಹೆಡ್‌ಫೋನಿಗೆ ಆಂಪ್ಲಿಫೈಯರ್ ಬೇಕಾಗತೈತೇನ್ರಿ? ಕಿಸೆದಾಗ ಹಿಡಿಯೋವಂಥಾದ್ದು ಯಾವ್ದು ಛಲೋ?” ಎರಡನೆಯ ಮಾತಿಗೆ ನಾನು ಕೂಡಲೇ ಉತ್ತರ ಕೊಡುವುದಿಲ್ಲ. ಹೆಡ್‌ಫೋನ್ ಯಾವುದು, ಹಾಡು ಬರುವುದು ಯಾವ ಸಾಧನದಿಂದ ಎಂದು ತಿಳಿಯದೆ ಆಂಪ್ಲಿಫೈಯರಿನ ಹೆಸರು ಹೇಳುವುದೆಂದರೆ, ಬೋರ್‌ವೆಲ್ ಎಷ್ಟು ಅಡಿ ಆಳವೆಂದು ಕೇಳದೆಯೇ ಮೋಟಾರು ಕೊಟ್ಟು ಕಳಿಸಿದಂತೆ.

ಮೋಟಾರಿನ ಹೋಲಿಕೆ ಇಲ್ಲಿ ಚೆನ್ನಾಗಿಯೇ ಹೊಂದುತ್ತದೆ. ಆಳದ ಬೋರಿಗೆ ನೀರನ್ನು ಎತ್ತುವ ಒತ್ತಡ ಬೇಕು. ನದಿಯಿಂದ ಹೊಲಕ್ಕೆ ನೀರು ಹಾಯಿಸುವವನಿಗೆ ಒತ್ತಡಕ್ಕಿಂತ ಹರಿವು ಹೆಚ್ಚು ಬೇಕು. ಹೆಡ್‌ಫೋನಿನ ಲೋಕದಲ್ಲಿ ಒತ್ತಡವೆಂದರೆ ವೋಲ್ಟೇಜ್, ಹರಿವೆಂದರೆ ಕರೆಂಟ್. ಯಾವುದು ಎಷ್ಟು ಬೇಕೆಂಬುದನ್ನು ಡಬ್ಬಿಯ ಮೇಲೆ ಅಚ್ಚಾಗಿರುವ ಎರಡು ಅಂಕಿಗಳು ಹೇಳುತ್ತವೆ. ಓಮ್‌ಗಳಲ್ಲಿ ಬರೆದದ್ದು ಇಂಪಿಡೆನ್ಸ್, ಅಂದರೆ ಕರೆಂಟಿನ ಹರಿವಿಗೆ ಹೆಡ್‌ಫೋನ್ ಒಡ್ಡುವ ತಡೆ. 1 ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂದು ಬರೆದದ್ದು ಸೆನ್ಸಿಟಿವಿಟಿ. ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ, ಮೋಸ ಹೋಗುವುದೂ ಅಲ್ಲಿಯೇ.

ಬೈಯರ್‌ಡೈನಮಿಕ್ ಕಂಪನಿಯ ಡಿಟಿ 770 ಪ್ರೊ ಎಂಬ ಹೆಡ್‌ಫೋನ್ 32, 80 ಮತ್ತು 250 ಓಮ್‌ಗಳ ಮೂರು ಬಗೆಗಳಲ್ಲಿ ಬಂದಿದೆ. ಸೆನ್ಸಿಟಿವಿಟಿ ಸುಮಾರು 96 ಡೆಸಿಬೆಲ್. ಹಾಡಿನ ಅತಿ ಎತ್ತರದ ಕ್ಷಣಗಳಿಗೆ 110 ಡೆಸಿಬೆಲ್‌ವರೆಗೆ ಜಾಗ ಇಟ್ಟುಕೊಳ್ಳೋಣ. ಅದು ಕ್ಷಣಮಾತ್ರದ ಶಿಖರ, ಇಡೀ ಹಾಡನ್ನು ಆ ಮಟ್ಟದಲ್ಲಿ ಕೇಳಿದರೆ ಕಿವಿ ಉಳಿಯುವುದಿಲ್ಲ. 96ರಿಂದ 110ಕ್ಕೆ ಏರಲು ಸುಮಾರು 25 ಮಿಲಿವ್ಯಾಟ್ ಬೇಕು, ಮೂರಕ್ಕೂ ಅಷ್ಟೇ. ಆದರೆ ಆ 25 ಮಿಲಿವ್ಯಾಟನ್ನು 32 ಓಮ್‌ನದಕ್ಕೆ ತಲುಪಿಸಲು 0.9 ವೋಲ್ಟ್ ಸಾಕಾದರೆ, 80 ಓಮ್‌ನದಕ್ಕೆ 1.4 ವೋಲ್ಟ್, 250 ಓಮ್‌ನದಕ್ಕೆ 2.5 ವೋಲ್ಟ್ ಬೇಕಾಗುತ್ತದೆ. ಹೆಡ್‌ಫೋನ್ ಜೋಡಿಸಲೆಂದು ಮೊಬೈಲಿನ ಯುಎಸ್‌ಬಿಗೆ ಸಿಕ್ಕಿಸುವ ಸಾಧಾರಣ ಡಾಂಗಲ್ ಕೊಡುವುದು 1 ವೋಲ್ಟಿನ ಆಸುಪಾಸು. ಅಂದರೆ 32 ಓಮ್‌ನದನ್ನು ಕೊಂಡವನಿಗೆ ಪ್ರತ್ಯೇಕ ಆಂಪ್ಲಿಫೈಯರಿನ ಚಿಂತೆಯೇ ಬೇಡ.

250 ಓಮ್‌ನದನ್ನು ಕೊಂಡವನಿಗೂ ಅದೇ ಡಾಂಗಲ್‌ನಿಂದ 102 ಡೆಸಿಬೆಲ್‌ವರೆಗೆ ಸದ್ದು ಬರುತ್ತದೆ. ಈಗಿನ ಸಿನಿಮಾ ಹಾಡುಗಳಿಗೆ ಅದು ಧಾರಾಳ, ಏಕೆಂದರೆ ಅವುಗಳಲ್ಲಿ ಮೆಲುದನಿಯನ್ನೂ ಎತ್ತಿ ಜೋರುದನಿಯ ಸಮಕ್ಕೆ ತಂದಿಟ್ಟಿರುತ್ತಾರೆ. ನನ್ನ ತೊಂದರೆ ಬೇರೆ. ನಮ್ಮೂರಿನ ಮಗ್ಗುಲಲ್ಲೇ ಇರುವ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಧ್ವನಿಮುದ್ರಣ ಹಾಕಿದರೆ, ಪಿಸುಮಾತಿನಷ್ಟು ಸಣ್ಣಗಿದ್ದ ಸ್ವರ ಮರುಕ್ಷಣವೇ ಭರ್ರನೆ ಏರುತ್ತದೆ. ಆ ಪಿಸುಮಾತೂ ತಂಬೂರಿಯೂ ಕೇಳಲೆಂದು ವಾಲ್ಯೂಮ್ ಏರಿಸಿಟ್ಟರೆ ತಾರಸ್ವರಕ್ಕೆ ಜಾಗವೇ ಉಳಿದಿರುವುದಿಲ್ಲ, ಡಾಂಗಲ್ ತನ್ನ ಮಿತಿಯನ್ನು ಮುಟ್ಟಿ ದನಿ ಒಡೆಯುತ್ತದೆ. ನನಗೆ ಆಂಪ್ಲಿಫೈಯರ್ ಬೇಕಾದದ್ದು ಇದಕ್ಕೆ. ಸಿನಿಮಾ ಹಾಡು ಕೇಳುವ ಹುಡುಗನಿಗೆ ಅದೇ ಹೆಡ್‌ಫೋನಿದ್ದರೂ ನಾನು ಬೇರೆ ಉತ್ತರ ಕೊಡುವುದಕ್ಕೂ ಇದೇ ಕಾರಣ.

ಇಂಪಿಡೆನ್ಸ್ ಕಡಿಮೆ ಇದ್ದ ಮಾತ್ರಕ್ಕೆ ನಡೆಸುವುದು ಸುಲಭವೆಂದೂ ಅಲ್ಲ. ಹೈಫೈಮ್ಯಾನ್‌ನ ಎಚ್‌ಇ-6 ಎಂಬ, ತೆಳುವಾದ ಚಪ್ಪಟೆ ಹಾಳೆಯನ್ನು ಅಲುಗಿಸಿ ಸದ್ದು ಹೊರಡಿಸುವ ಪ್ಲೇನರ್ ಬಗೆಯ ಹೆಡ್‌ಫೋನಿನದು ಬರೀ 50 ಓಮ್, ಆದರೆ ಸೆನ್ಸಿಟಿವಿಟಿ 83.5 ಡೆಸಿಬೆಲ್. ಲೆಕ್ಕ ಹಾಕಿದರೆ ಅದೇ 110ಕ್ಕೆ ಸುಮಾರು 450 ಮಿಲಿವ್ಯಾಟ್ ಆಗುತ್ತದೆ; ವೋಲ್ಟೇಜೂ ಬೇಕು, ಕರೆಂಟೂ ಬೇಕು. ಕಿಸೆಯಲ್ಲಿ ಹಿಡಿಯುವ ಹೆಚ್ಚಿನ ಆಂಪ್ಲಿಫೈಯರ್‌ಗಳು ಇಲ್ಲಿ ಕೈಚೆಲ್ಲುತ್ತವೆ.

ಇನ್ನು ಇಯರ್‌ಫೋನ್‌ಗಳದು ತಿರುಗಾಮುರುಗಾ ಕಥೆ. ಕೆಲವು ವರ್ಷಗಳ ಹಿಂದೆ ನಾನೇ ಬುದ್ಧಿ ಖರ್ಚು ಮಾಡದೆ ಒಂದು ಬ್ಯಾಟರಿ ಆಂಪ್ಲಿಫೈಯರ್ ಕೊಂಡು, ಅದಕ್ಕೆ 16 ಓಮ್, 110 ಡೆಸಿಬೆಲ್‌ನ ಇಯರ್‌ಫೋನ್ ಸಿಕ್ಕಿಸಿಕೊಂಡು ವಿಜಯಪುರದ ಬಸ್ಸು ಹತ್ತಿದ್ದೆ. ಆ ಇಯರ್‌ಫೋನಿಗೆ 110 ಡೆಸಿಬೆಲ್ ಮುಟ್ಟಲು ಬೇಕಾದದ್ದು 0.13 ವೋಲ್ಟಿನಷ್ಟು ಮಾತ್ರ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಎಡಗಿವಿಯಲ್ಲಿ ಹಾಡು, ಬಲಗಿವಿಯಲ್ಲಿ ಅರ್ಧ ಹಾಡು. ಇನ್ನೊಂದಿಷ್ಟು ತಿರುಗಿಸಿದರೆ ತಲೆ ಸಿಡಿಯುವಷ್ಟು ಸದ್ದು. ಬಸ್ಸು ನಿಂತಾಗ, ಹಾಡು ಇಲ್ಲದಿರುವಾಗಲೂ, ಒಲೆಯ ಮೇಲೆ ಎಸರು ಕುದಿಯುವಂಥ ಸುಂಯ್ ಎಂಬ ನಾದ. ಆಂಪ್ಲಿಫೈಯರ್ ಕೆಟ್ಟದ್ದಾಗಿರಲಿಲ್ಲ, ಜೋಡಿ ತಪ್ಪಿತ್ತು. ಗೇನನ್ನು, ಅಂದರೆ ಒಳಬಂದ ಸಂಕೇತವನ್ನು ಆಂಪ್ಲಿಫೈಯರ್ ಎಷ್ಟು ಪಟ್ಟು ಹಿಗ್ಗಿಸುತ್ತದೆಂಬುದನ್ನು, ತಗ್ಗಿಸುವ ಸ್ವಿಚ್ ಇದ್ದಿದ್ದರೆ ಅರ್ಧ ತೊಂದರೆ ತೀರುತ್ತಿತ್ತು.

ಗೇನ್ ಸರಿಯಿದ್ದರೂ ಇಯರ್‌ಫೋನಿನ ಸ್ವರವನ್ನು ಕೆಡಿಸುವ ಇನ್ನೊಂದು ಅಂಕಿ ಇದೆ, ಅದನ್ನು ಮಾರುವವರು ಬಹಳ ಸಲ ಹೇಳುವುದೇ ಇಲ್ಲ. ಅದು ಆಂಪ್ಲಿಫೈಯರಿನದೇ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಅದರ ಒಳಗಿನ ತಡೆ. ಒಂದರೊಳಗೆ ಹಲವು ಡ್ರೈವರ್‌ಗಳು, ಅಂದರೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರುಗಳು, ಇರುವ ಇಯರ್‌ಫೋನಿನ ಇಂಪಿಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ. ಒಂದು ಸ್ವರಕ್ಕೆ 8 ಓಮ್, ಇನ್ನೊಂದು ಸ್ವರಕ್ಕೆ 40 ಓಮ್ ಇದೆಯೆಂದುಕೊಳ್ಳಿ. ಆಂಪ್ಲಿಫೈಯರಿನದು 1 ಓಮ್ ಆಗಿದ್ದರೆ ಆ ಎರಡು ಸ್ವರಗಳ ಸದ್ದಿನಲ್ಲಿ ಬೀಳುವ ಅಂತರ 1 ಡೆಸಿಬೆಲಿಗೂ ಕಡಿಮೆ. 10 ಓಮ್ ಆಗಿದ್ದರೆ 5 ಡೆಸಿಬೆಲ್ ದಾಟುತ್ತದೆ, ಅದೇ ಗಾಯಕ ನೆಗಡಿಯಾದವನಂತೆ ಕೇಳಿಸುತ್ತಾನೆ. ಹಾಗಾಗಿ ಹೆಡ್‌ಫೋನಿನ ಇಂಪಿಡೆನ್ಸಿನ ಎಂಟನೆಯ ಒಂದು ಭಾಗಕ್ಕಿಂತ ಇದು ಕಡಿಮೆಯಿರಲಿ ಎಂಬುದು ಬಲ್ಲವರ ರೂಢಿ. 16 ಓಮ್‌ನ ಇಯರ್‌ಫೋನಿಗೆ 2 ಓಮ್ ಎಂದಾಯಿತು.

ಸಾಧನದ ಕಡೆಯ ಮಾತು ಚಿಕ್ಕದು. ಹಳೆಯ ಪ್ಲೇಯರಿನಲ್ಲಿ ಲೈನ್ ಔಟ್ (ಅದರೊಳಗಿನ ಹೆಡ್‌ಫೋನ್ ಆಂಪ್ಲಿಫೈಯರನ್ನು ಹಾಯದೆ ಸಂಕೇತ ಹೊರಬರುವ ತೂತು) ಇದ್ದರೆ ಆಂಪ್ಲಿಫೈಯರಿಗೆ ಅದರಿಂದಲೇ ತಂತಿ ಎಳೆಯಿರಿ. ಹೆಡ್‌ಫೋನ್ ತೂತಿನಿಂದ ಎಳೆದರೆ ಒಂದು ಆಂಪ್ಲಿಫೈಯರಿನ ದೋಷವನ್ನು ಇನ್ನೊಂದು ಆಂಪ್ಲಿಫೈಯರ್ ದೊಡ್ಡದು ಮಾಡಿ ಕೊಡುತ್ತದೆ. 2016ರಲ್ಲಿ ಐಫೋನ್ 7 ಬಂದಾಗಿನಿಂದ ಆ ತೂತೇ ಮೊಬೈಲುಗಳಿಂದ ಮರೆಯಾಗುತ್ತ ಬಂದು, ಈಗ ಯುಎಸ್‌ಬಿಗೆ ಸಿಕ್ಕಿಸುವ, ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಸದ್ದಿನ ವಿದ್ಯುತ್ ಸಂಕೇತವಾಗಿಸುವ ಭಾಗ) ಮತ್ತು ಆಂಪ್ಲಿಫೈಯರ್ ಎರಡೂ ಒಳಗಿರುವ ಡಾಂಗಲ್‌ಗಳೇ ಹೆಚ್ಚು. ಅವುಗಳಲ್ಲಿ 4.4 ಮಿಲಿಮೀಟರಿನ ಬ್ಯಾಲೆನ್ಸ್ಡ್ (ಎರಡು ಕಿವಿಗಳಿಗೂ ಬೇರೆ ಬೇರೆ ಜೋಡಿ ತಂತಿ ಹೋಗುವ) ತೂತಿದ್ದರೆ ಸಾಮಾನ್ಯವಾಗಿ ವೋಲ್ಟೇಜ್ ಎರಡು ಪಟ್ಟಿನ ಹತ್ತಿರ ಸಿಗುತ್ತದೆ, 250 ಓಮ್‌ನವರಿಗೆ ಅದರಿಂದ ಉಪಯೋಗವುಂಟು. ಬ್ಲೂಟೂತ್ ಹೆಡ್‌ಫೋನಿನವರು ಮಾತ್ರ ಈ ಲೆಕ್ಕವನ್ನೆಲ್ಲ ಬಿಟ್ಟುಬಿಡಬಹುದು, ಅವರ ಆಂಪ್ಲಿಫೈಯರ್ ಕಿವಿಯ ಮೇಲೆಯೇ ಕೂತಿರುತ್ತದೆ.

ಮೊನ್ನೆ ಗೋಕಾಕ ಕಡೆಯ ಹುಡುಗನೊಬ್ಬ ಬಂದು, ಇಯರ್‌ಫೋನಿನಲ್ಲಿ ಬೇಸ್ ಬರುತ್ತಿಲ್ಲ, ಆಂಪ್ಲಿಫೈಯರ್ ಕೊಳ್ಳಲು ದುಡ್ಡು ಕೂಡಿಸಿಟ್ಟಿದ್ದೇನೆ ಎಂದ. ಡಬ್ಬಿ ನೋಡಿದರೆ 32 ಓಮ್, 106 ಡೆಸಿಬೆಲ್. ಅವನ ಮೊಬೈಲೇ ಸಾಕು. ಕಿವಿಯೊಳಗೆ ಹೋಗುವ ರಬ್ಬರ್ ಟಿಪ್ ಅವನಿಗೆ ಸಣ್ಣದಾಗಿ, ಸಂದಿನಿಂದ ಗಾಳಿ ಆಡುತ್ತಿತ್ತು, ಬೇಸ್ ಸೋರಿ ಹೋಗುತ್ತಿದ್ದುದು ಅಲ್ಲಿಂದ. ಅದೇ ಡಬ್ಬಿಯಲ್ಲಿ ಬಿಚ್ಚದೆ ಬಿದ್ದಿದ್ದ ದೊಡ್ಡ ಟಿಪ್ಪುಗಳನ್ನು ಹಾಕಿಕೊಟ್ಟೆ. ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿದವನು, “ಸರ್, ಹಂಗಾರ ಆ ದುಡ್ಡಿನಾಗ ಹೆಡ್‌ಫೋನ್ ಯಾವ್ದು ತಗೊಳ್ಳಲ್ರಿ?” ಎಂದ.