41 ಮಕ್ಕಳು, 46 ಓಟು

ಹೋದ ತಿಂಗಳು ನಮ್ಮ ಸಮಾಜ ಮೇಷ್ಟ್ರ ಹನ್ನೊಂದನೇ ದಿನದ ಊಟಕ್ಕೆ ಗೌರಿಬಿದನೂರು ಕಡೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತವನು ಪ್ರಧಾನ. ಹಿಂದೆ ಮಂಡಲ ಪಂಚಾಯಿತಿ ಮುಖ್ಯಸ್ಥನಿಗೆ ಪ್ರಧಾನ ಅನ್ನುತ್ತಿದ್ದರು; ಆ ಪಂಚಾಯಿತಿ ಹೋಗಿ ಮೂವತ್ತು ವರ್ಷ ದಾಟಿದರೂ ಊರವರ ಬಾಯಲ್ಲಿ ಅವನ ಹೆಸರು ಅದೇ. ಎಲೆಗೆ ನೀರು ಚಿಮುಕಿಸುತ್ತ ಕೇಳಿದ: "ಲೇ, ಆ ಐದು ಚೀಟಿ ಜ್ಞಾಪಕ ಇದೆಯೇನೋ?"

ಇರದೆ ಏನು! 1976. ತುರ್ತುಪರಿಸ್ಥಿತಿ. ಲೋಕಸಭೆ ಚುನಾವಣೆಯನ್ನೇ ಮುಂದಕ್ಕೆ ಹಾಕಿದ್ದ ಕಾಲದಲ್ಲಿ ನಮ್ಮ ಒಂಬತ್ತನೇ ತರಗತಿಗೆ ಮೇಷ್ಟ್ರು ಲೀಡರ್ ಚುನಾವಣೆ ಇಟ್ಟರು. ನಾವು 41 ಮಕ್ಕಳು. ಇವನು ಚಡ್ಡಿ ಜೇಬಿನ ತುಂಬ ಹುರಿದ ಕಡಲೆಕಾಯಿ ತುಂಬಿಕೊಂಡು ಬಂದು ಹಂಚಿದ. ಅಷ್ಟಕ್ಕೂ ಧೈರ್ಯ ಸಾಲದೆ ನನ್ನ ಕೈಯಲ್ಲಿ ತನ್ನ ಹೆಸರಿನ ಚೀಟಿ ಬರೆಸಿದ. ಸೀಮೆಸುಣ್ಣದ ಡಬ್ಬಿ ಮಗುಚಿ ಎಣಿಸಿದರೆ 46 ಓಟು.

ಮೇಷ್ಟ್ರು ಬಯ್ಯಲಿಲ್ಲ. ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ಒಂದೊಂದಾಗಿ ಐದನ್ನು ಪಕ್ಕಕ್ಕಿಟ್ಟರು. "ಈ ಯಕಾರದ ಸುಳಿ ಇಡೀ ಇಸ್ಕೂಲಲ್ಲಿ ಒಬ್ಬನ ಕೈಗೇ ಬರೋದು" ಎಂದು ನೇರ ನನ್ನ ಕಿವಿಗೆ ಕೈ ಹಾಕಿದರು. (ಹೇಳಿಕೊಳ್ಳಬಾರದು, ಮುಂದೆ ಬ್ಯಾಂಕಿನಲ್ಲಿ ಇದ್ದಷ್ಟೂ ವರ್ಷ ನೋಟಿಸ್ ಬೋರ್ಡಿಗೆ ಬರೆದದ್ದೆಲ್ಲ ನಾನೇ.) ತಮಾಷೆಯೆಂದರೆ ಆ ಐದು ಕಳೆದರೂ ಇವನೇ ಗೆದ್ದಿದ್ದ. "ಗೆಲ್ಲೋನಿಗೆ ಕಳ್ಳತನ ಯಾಕೋ?" ಎಂದವರು ಲೀಡರ್‌ಗಿರಿ ಇನ್ನೊಬ್ಬನಿಗೆ ಕೊಟ್ಟು, ಇವನಿಗೆ ಒಂದು ತಿಂಗಳು ಬಾವಿಯಿಂದ ಇಸ್ಕೂಲಿಗೆ ನೀರು ಹೊರುವ ಕೆಲಸ ಹಚ್ಚಿದರು.

ಓಟು ಅಂದರೆ ಮೇಷ್ಟ್ರಿಗೆ ಆಟವಾಗಿರಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗೋಲಿಬಾರ್ ಆದಾಗ ಎಂಟು ವರ್ಷದ ಹುಡುಗ ಅವರು, ಅಪ್ಪನ ಜೊತೆ ಜಾತ್ರೆಗೆ ಹೋಗಿದ್ದರಂತೆ. ನಮ್ಮನ್ನು ಅಲ್ಲಿಗೆ ಕರಕೊಂಡು ಹೋದಾಗ ನಾಗರಕಲ್ಲುಗಳ ಮಧ್ಯೆ ನಿಂತು, ಬಾವುಟದ ಮಾತಿಗಿಂತ ಹೆಚ್ಚಾಗಿ ಓಡುವಾಗ ಕೈಯಿಂದ ಬಿದ್ದ ಬತ್ತಾಸಿನ ಪೊಟ್ಟಣದ ಮಾತು ಹೇಳಿದ್ದರು. ಪಾಠ ಒಂದೂ ನೆನಪಿಲ್ಲ, ಪೊಟ್ಟಣ ನೆನಪಿದೆ.

1987ರ ಜನವರಿಯಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಬಂತು. ಇವನು ಇಪ್ಪತ್ತಾರಕ್ಕೇ ಗೆದ್ದು, ಮೆಂಬರುಗಳೆಲ್ಲ ಸೇರಿ ಪ್ರಧಾನನನ್ನಾಗಿ ಮಾಡಿದರು. ನಜೀರ್ ಸಾಬರು ಪಂಚಾಯತ್ ರಾಜ್ ಮಂತ್ರಿ, ಹಳ್ಳಿಗಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅನ್ನುತ್ತಿದ್ದ ಕಾಲ. ನಮ್ಮ ಇಸ್ಕೂಲಿನ ಅಂಗಳಕ್ಕೂ ಬೋರ್‌ವೆಲ್ ಬಂತು. ನೀರು ಹೊತ್ತವನು ನೀರು ತಂದ ಎಂದು ನಾನು ಕಥೆ ಕಟ್ಟಿದರೆ ಇವನು ಒಪ್ಪುವುದಿಲ್ಲ: "ಲಿಸ್ಟಲ್ಲಿತ್ತು, ಬಂತು." ಗ್ರಾಮಸಭೆ ಆದಾಗಲೆಲ್ಲ ಮೇಷ್ಟ್ರು ಮುಂದಿನ ಸಾಲಲ್ಲೇ ಕೂತು ನೋಟ್‌ಬುಕ್ ಬಿಚ್ಚುತ್ತಿದ್ದರಂತೆ. "ಜಲ್ಲಿ ಎಷ್ಟು ಲೋಡು? ಬಿಲ್ಲು ಎಲ್ಲಿ?" ಪ್ರಧಾನ ಎದ್ದು ನಿಂತೇ ಉತ್ತರ ಹೇಳಬೇಕು.

1993ರ ಕಾಯಿದೆ ಬಂದು ಗ್ರಾಮ ಪಂಚಾಯಿತಿಯಾದ ಮೇಲೆ ಒಂದು ಸಲ ಅಧ್ಯಕ್ಷಗಿರಿ ಮಹಿಳೆಗೆ ಮೀಸಲಾಯಿತು. ಹೆಂಡತಿಯನ್ನು ಕೂರಿಸಿ ಪಕ್ಕದ ಕುರ್ಚಿಯಲ್ಲಿ ತಾನೂ ಕೂತ. ಅದು ನನಗೂ ಹಿಡಿಸಲಿಲ್ಲ. ಮೇಷ್ಟ್ರು ಬಾಗಿಲಲ್ಲೇ ನಿಂತು, "ಕುರ್ಚಿ ಆಯಮ್ಮಂದು, ನೀನೇಳು" ಅಂದರಂತೆ. ಎದ್ದನಂತೆ. ಜಿಲ್ಲಾ ಪಂಚಾಯಿತಿಗೆ ಎರಡು ಸಲ ಸೋತ, ಎರಡು ಎಕರೆ ಹೋಯಿತು. ಈಗ ರೇಷ್ಮೆ ಹುಳ ಸಾಕುತ್ತಾನೆ, ಡೇರಿಗೆ ಹಾಲು ಹಾಕುತ್ತಾನೆ.

ಅಂಗಳದ ಆ ಬೋರು ಬತ್ತಿ ಎಷ್ಟೋ ಕಾಲವಾಯಿತು. ಈಗ ನಮ್ಮ ಕಡೆ ಸಾವಿರ ಅಡಿ ದಾಟಿದರೂ ನೀರಿನ ಭರವಸೆ ಇಲ್ಲ. ಇಸ್ಕೂಲಲ್ಲಿ ಶಾಲಾ ಸಂಸತ್ತಿಗೆ ಮೊಬೈಲಲ್ಲೇ ಓಟಂತೆ. ಒಳ್ಳೆಯದೇ. ಆದರೆ ಯಾವ ಹುಡುಗನ ಅಕ್ಷರ ಹೇಗಿದೆ ಅಂತ ಯಾವ ಮೇಷ್ಟ್ರಿಗೆ ಗೊತ್ತಾಗಬೇಕು?

"ಐದಲ್ಲ ಕಣೋ, ಆರು" ಅಂದೆ. "ಆವತ್ತು ಒಬ್ಬ ಬಂದಿರಲಿಲ್ಲ. ಆರನೇದು ಎಡಗೈಯಲ್ಲಿ ಬರೆದಿದ್ದೆ. ಮೇಷ್ಟ್ರಿಗೆ ಸಿಗಲಿಲ್ಲ."

ಪ್ರಧಾನ ಅನ್ನ ಕಲೆಸುತ್ತಲೇ ಹೇಳಿದ: "ಸಿಕ್ಕಿತ್ತು. ಹಾಜರಿ ಕರೆದೋರು ಅವರೇ ಅಲ್ವಾ? ನಿನಗೆ ಹೇಳಬೇಡ ಅಂದಿದ್ದರು."