ಜಿಪ್ಸಿ ಅಪ್‌ಡೇಟ್: ಫೋರ್ ಹೈ ಹಾಕಿದ್ರ ಗಾಡಿ ತನ್ನ ಬ್ರೇಕ್ ತಾನೇ ಹಾಕ್ಕೊಂತಿತ್ತು

ನನ್ನ ಜುನಾ ಮಾರುತಿ ಜಿಪ್ಸಿ ಫೋರ್ ಹೈಗೆ, ಅಂದ್ರ ನಾಕೂ ಗಾಲಿಗೆ ಶಕ್ತಿ ಹೋಗೋ ಗೇರಿಗೆ ಹಾಕಿದ್ರ ಕಟ್ಟಿ ನಿಲ್ತಿತ್ತಲ್ಲ, ಅದರ ಕಾರಣ ಸಿಕ್ತ್ರಿ, ಕಡೀಕೂ ಸಿಕ್ತು. ತಕರಾರು ಟ್ರಾನ್ಸ್‌ಫರ್ ಕೇಸಿನ್ಯಾಗ (ಇಂಜಿನ್ ಶಕ್ತಿ ಮುಂದ-ಹಿಂದ ಹಂಚೋ ಗೇರ್ ಪೆಟ್ಟಿಗಿ) ಇರ್ಲಿಲ್ಲ, ಹಬ್‌ನ್ಯಾಗ (ಮುಂದಿನ ಗಾಲಿ ಆಕ್ಸಲಿಗೆ ಜೋಡಸೋ, ಬಿಡಸೋ ಲಾಕ್) ಇರ್ಲಿಲ್ಲ, ಶಾಫ್ಟಿನ ಕೀಲಿನ ಜಾಯಿಂಟ್ ಕ್ರಾಸಿನ್ಯಾಗೂ ಇರ್ಲಿಲ್ಲ. ಮುಂದಿನ ಹೌಸಿಂಗ್‌ನ್ಯಾಗ ಕುಂತಿದ್ದ ಕ್ರೌನ್-ಪಿನಿಯನ್ನೇ (ಶಾಫ್ಟಿನ ಸುತ್ತು ಆಕ್ಸಲಿಗೆ ಕೊಡೋ ಹಲ್ಲುಚಕ್ರದ ಜೋಡಿ) ಬ್ಯಾರೆ ಗಾಡೀದು. ಇದು ಸಿಕ್ಕ ಮ್ಯಾಲೆ ಚಳಿಗಾಲದಾಗ ಹಿಮದ ಕಡೆ ನನ್ನ ಜಿಪ್ಸಿ ಒಯ್ಯೋದೋ ಭಾವನ ಗಾಡಿ ಒಯ್ಯೋದೋ ಅನ್ನೋ ಜಗಳಾನೂ ಹೆಚ್ಚುಕಮ್ಮಿ ಮುಗೀತು, ಅದೂ ನಾ ಅನ್ಕೊಂಡಿದ್ದಕ್ಕ ಉಲ್ಟಾ.

ಟಿಂಕರಿಂಗ್, ಬಣ್ಣ, ವೈರಿಂಗ್, ಲೀಫ್ ಸ್ಪ್ರಿಂಗ್ ಬುಷ್, ಇವೆಲ್ಲಾ ಎಲ್ಲಾರ ಗಾಡೀದೂ ಒಂದೇ ಕತಿ, ಬಿಡೋಣು. ನಾ ತಗೊಂಡಾಗ ಗಾಡಿಗೆ ಮುಂದಿನ ಪ್ರೊಪೆಲ್ಲರ್ ಶಾಫ್ಟೇ (ಟ್ರಾನ್ಸ್‌ಫರ್ ಕೇಸಿಂದ ಆಕ್ಸಲಿಗೆ ಹೋಗೋ ಉದ್ದ ದಂಡ) ಇರ್ಲಿಲ್ಲ, ಹಿಂದಿನ ಮಾಲಕ ಬಿಚ್ಚಿ ಎಲ್ಲೋ ಒಗದಿದ್ದ, ಯಾಕ ಅಂತ ಹೌಸಿಂಗ್ ಬಿಚ್ಚಿ ನೋಡಿದ್ರ ಕ್ರೌನಿನ ಹಲ್ಲು ಉದುರಿದ್ವು. ಅದಕ್ಕ ಜುನಾ ಸಾಮಾನು ಮಾರೋ ಒಬ್ಬ ವ್ಯಾಪಾರಿ ಹತ್ರ "ಜಿಪ್ಸಿ ಕಿಂಗ್‌ಂದು, ಜೆನ್ಯೂನ್, ಮಿಲಿಟರಿ ಗಾಡಿಂದ ತಗದದ್ದು" ಅಂತ ಹೇಳಿದ ಸೆಟ್ ತರಸಿದೆ. ಮಿಲಿಟರಿ ಅಂದ್ರ ಬೆಳಗಾವಿ ಮಂದಿ ನಾವು ಜರಾ ಲಗೂನ ಕರಗ್ತೀವಿ, ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಇರೋ ಊರು, ಸಣ್ಣವರಿದ್ದಾಗಿಂದ ಕ್ಯಾಂಪ್ ಕಡೆ ಹಸರ ಜಿಪ್ಸಿ ನೋಡ್ಕೋತ ಬೆಳದವ್ರು. ವ್ಯಾಪಾರಿಗೂ ಅದು ಗೊತ್ತೈತಿ.

ಈಗ ಗಾಡಿ ಏನ್ ಮಾಡ್ತಿತ್ತು ಅಂದ್ರ, ಟೂ ಹೈ (ಹಿಂದಿನ ಎರಡೇ ಗಾಲಿಗೆ ಶಕ್ತಿ) ಒಳಗ ಹಬ್ ಫ್ರೀ ಇದ್ದಾಗ ಮಸ್ತ್. ಹಬ್ ಲಾಕ್ ಮಾಡಿ ಟೂ ಹೈ ಒಳಗೇ ಓಡಿಸಿದ್ರೂ ಮಸ್ತ್, ಸದ್ದಿಲ್ಲ, ನಡುಕಿಲ್ಲ. ಲಿವರ್ ಫೋರ್ ಹೈಗೆ ತಂದ್ರ ಮುಗೀತು, ಹತ್ತು ಮಾರು ಹೋಗೂದ್ರಾಗ ಸ್ಟೇರಿಂಗ್ ಗಟ್ಟಿ, ಟೈರ್ ಕಿರ್ ಅಂತಿತ್ತು, ಎಕ್ಸಲೇಟರ್ ಬಿಟ್ರ ಯಾರೋ ಹಿಂದಿಂದ ಹಿಡದಂಗ ನಿಲ್ತಿತ್ತು, ಆಮ್ಯಾಲೆ ಲಿವರ್ ವಾಪಸ್ ಬರ್ತಿರ್ಲಿಲ್ಲ, ರಿವರ್ಸ್ ಹಾಕಿ ಸೀದಾ ಜರಾ ಹಿಂದ ಹೋದ್ರ ಟಕ್ ಅಂತ ಬಿಡ್ತಿತ್ತು.

ಕೇಳಿದವ್ರೆಲ್ಲಾ ಒಂದೇ ಮಾತು, "ಪಾರ್ಟ್ ಟೈಮ್ ಅಲ್ಲೇನಪಾ, ನಡುವ ಡಿಫರೆನ್ಶಿಯಲ್ ಇಲ್ಲ, ಡಾಂಬರ್ ಮ್ಯಾಲೆ ಹಾಕಿದ್ರ ಕಟ್ಟೇ ಕಟ್ತೈತಿ." ಗೊತ್ತೈತ್ರಿ, ಪಾರ್ಟ್ ಟೈಮ್ ಅಂದ್ರ ಬೇಕಾದಾಗ ಅಷ್ಟೇ ನಾಕು ಗಾಲಿಗೆ ಹಾಕೋದು, ಮುಂದ-ಹಿಂದ ಸುತ್ತಿನ ಫರಕ ನುಂಗೋ ಗೇರ್, ಅಂದ್ರ ಡಿಫರೆನ್ಶಿಯಲ್, ನಡುವ ಇರಂಗಿಲ್ಲ. ತಿರುವಿನ್ಯಾಗ ಮುಂದಿನ ಗಾಲಿಗೋಳು ದೊಡ್ಡ ಸುತ್ತು ಹೊಡೀತಾವ, ಹಿಂದಿನವು ಸಣ್ಣ ಸುತ್ತು, ಎರಡೂ ಶಾಫ್ಟ್ ಒಂದಕ್ಕೊಂದು ಕಟ್ಟಿ ಹಾಕಿರ್ತೈತಿ, ರಾಡ್ಯಾಗ ಗಾಲಿ ಜಾರಿ ಲೆಕ್ಕ ಚುಕ್ತಾ ಆಗ್ತೈತಿ, ಡಾಂಬರಿನ್ಯಾಗ ಜಾರಾಕ ಜಾಗ ಇಲ್ಲ. ಆದ್ರ ನಂದು ಸೀದಾ ರಸ್ತಾದಾಗೂ ಕಟ್ತಿತ್ತು! ಸೀದಾ ಹೋಗುವಾಗ ನಾಕೂ ಗಾಲಿ ಒಂದೇ ದೂರ ಹೋಗ್ತಾವ, ಅಲ್ಲಿ ಇಷ್ಟು ಲಗೂನ ಕಟ್ಟಬಾರದು. ಇದನ್ನ ಹೇಳಿದ್ರ ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ, "ಡಾಂಬರ್ ಮ್ಯಾಲೆ ಯಾಕ ಹಾಕ್ತಿ" ಅಂತ ಮತ್ತ ಶುರು.

ಟೈರ್ ನೋಡಿದೆ. ನಾಕೂ ಒಂದೇ ಕಂಪನಿ, ಒಂದೇ 205/70 ಆರ್15, ಗಾಳಿ ಸಮ, ನೆಲದ ಮ್ಯಾಲೆ ಒಂದೊಂದು ಸುತ್ತು ಉರುಳಿಸಿ ಗೆರಿ ಎಳದು ಅಳತಿ ಮಾಡಿದೆ, ಸಮ. ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟ್ ಬದಲಿ ಮಾಡಿದೆ, ಅವು ಹೆಂಗೂ ಹರದಿದ್ವು, ಜಿಪ್ಸಿ ಇದ್ದವ್ರಿಗೆ ಹೇಳೋದು ಬ್ಯಾಡ. ಮತ್ತ ಟ್ರಾನ್ಸ್‌ಫರ್ ಕೇಸ್ ಇಳಸಬೇಕು ಅಂತ ಪಾನಾ ಹಿಡದು ಗಾಡಿ ಕೆಳಗ ಮಲಗಿದ್ದೆ, ಆವಾಗ ಉದ್ಯಮಬಾಗದಾಗ ಲೇಥ್ ಇಟ್ಟಿರೋ ನಮ್ಮ ಕಾಕಾ ಬಂದ್ರು. ಗಾಡಿ ಮುಟ್ಟಲೇ ಇಲ್ಲ, ಚಹಾ ಕುಡಕೋತ ನಿಂತು ಅಂದ್ರು, "ತಮ್ಮಾ, ಬಿಚ್ಚೋದು ಯಾವಾಗಲೂ ಇದ್ದೇ ಇರ್ತೈತಿ. ಮೊದ್ಲ ಎಣಸು."

ಎಣಸೋದು ಹೆಂಗ ಅಂದ್ರ, ಗೇರ್ ನ್ಯೂಟ್ರಲ್, ಟ್ರಾನ್ಸ್‌ಫರ್ ಕೇಸ್ ಲಿವರ್ ಟೂ ಹೈ ಒಳಗ, ಹ್ಯಾಂಡ್‌ಬ್ರೇಕ್ ಬಿಟ್ಟು ಉಳಿದ ಗಾಲಿಗೆ ಕಲ್ಲು ಕೊಟ್ಟು, ಹಿಂದಿನ ಒಂದೇ ಗಾಲಿ ಜ್ಯಾಕ್ ಮ್ಯಾಲೆ ಎತ್ತಬೇಕು. ಪ್ರೊಪೆಲ್ಲರ್ ಶಾಫ್ಟಿಗೆ ಖಡುಲೆ ಒಂದು ಗೆರಿ, ಟೈರಿಗೆ ಒಂದು ಗೆರಿ. ಒಂದು ಗಾಲಿ ನೆಲಕ್ಕ ಹತ್ತಿದ್ದಕ್ಕ ಡಿಫರೆನ್ಶಿಯಲ್ ಅರ್ಧ ಲೆಕ್ಕ ತೋರಸ್ತೈತಿ, ಅದಕ್ಕ ಎತ್ತಿದ ಗಾಲಿ ಪೂರ್ತಿ ಎರಡು ಸುತ್ತು ತಿರಗಿಸಬೇಕು, ಅಷ್ಟರಾಗ ಶಾಫ್ಟ್ ಎಷ್ಟು ಸುತ್ತಿತೋ ಅದೇ ರೇಶಿಯೋ. ನಾ ಗಾಲಿ ತಿರಗಸ್ತಿದ್ದೆ, ಕಾಕಾ ಕೆಳಗ ಟಾರ್ಚ್ ಹಿಡದು "ಒಂದು... ಎರಡು..." ಅಂತ. ಹಿಂದಿಂದು ಎಣಿಸಿದ್ವಿ, ಖಡು ಗೆರಿ ನಾಕನೇ ಸುತ್ತು ಮುಟ್ಟೋದ್ರೊಳಗ ಗಾಲಿ ಎರಡು ಸುತ್ತು ಮುಗೀತು. ಮುಂದಿಂದು, ಹಬ್ ಲಾಕ್ ಮಾಡಿ, ಅದೇ ರೀತಿ. ಗೆರಿ ನಾಕು ದಾಟಿ ಮುಂದ ಹೋಗಿ ನಿಂತು. ಕಾಕಾ ಕೆಳಗಿಂದನ ನಗಾಕ ಹತ್ತಿದ್ರು.

ಅಂದ್ರ ಹಿಂದಿನ ಗಾಲಿ ಹತ್ತು ಮೀಟರ್ ಹೋಗ್ಬೇಕಂದ್ರ ಮುಂದಿಂದು ಒಂಬತ್ತರ ಚಿಲ್ಲರಿಗೇ ಸಾಕು ಅಂತೈತಿ. ಒಂದೇ ನೊಗಕ್ಕ ಒಂದು ಖಿಲಾರಿ ಎತ್ತು, ಇನ್ನೊಂದು ಮುದಿ ಎಮ್ಮಿ ಹೂಡಿದಂಗ. ಟೂ ಹೈ ಒಳಗ ಮುಂದಿನ ಶಾಫ್ಟ್ ತನ್ನಷ್ಟಕ್ಕ ತಾನು ತಿರಗತಿತ್ತು, ಅದಕ್ಕ ಸುಳಿವೇ ಸಿಗ್ತಿರ್ಲಿಲ್ಲ. ಜಿಪ್ಸಿ 1985ರಾಗ ಬಂದಾಗ 970 ಸಿಸಿ ಇಂಜಿನ್, 1996ರ ಕಿಂಗ್‌ಗೆ 1.3 ಲೀಟರ್, ಇಂಜಿನ್ ಜೋಡಿ ಡಿಫರೆನ್ಶಿಯಲ್ ರೇಶಿಯೋನೂ ಬದಲಿ. ಹೊರಗಿಂದ ನೋಡಿದ್ರ ಅಣ್ಣತಮ್ಮರು. ವ್ಯಾಪಾರಿ ಕಳಿಸಿದ್ದು ಜುನಾ ಒಂದು ಲೀಟರಿನ ಗಾಡೀದು ಅಂತ ಕಾಕಾನ ಅನುಮಾನ. ಫೋನ್ ಮಾಡಿದ್ರ ಆ ಪುಣ್ಯಾತ್ಮ, "ಸರ್, ಫಿಟ್ ಆತಲ್ರಿ? ಫಿಟ್ ಆಯ್ತಂದ್ರ ಮಾಲು ಸರಿ ಐತಿ." ಇದಕ್ಕ ಏನ್ ಹೇಳ್ತೀರಿ. ರೊಕ್ಕ ವಾಪಸ್ ಕೇಳಿದ್ದಕ್ಕ "ಬದಲಿಗೆ ರೇಡಿಯೇಟರ್ ಕಳಸಲೇನ್ರಿ" ಅಂತಾನ. ಕೊಲ್ಹಾಪುರದ ಒಬ್ಬ ದೋಸ್ತ ತನ್ನ ಗುಜರಿ ಕಿಂಗ್‌ಂದು ಕೊಟ್ಟ, ಅದನ್ನೂ ಮೊದ್ಲ ಹಲ್ಲು ಎಣಿಸೇ ತಗೊಂಡೆ. ಶಿಮ್ (ತೆಳು ತಗಡಿನ ಬಿಲ್ಲಿ) ಹಾಕಿ ಬ್ಯಾಕ್‌ಲ್ಯಾಶ್, ಅಂದ್ರ ಹಲ್ಲಿನ ನಡುವಿನ ಸಡಲ, ಹೊಂದಿಸಿ, ನೀಲಿ ಬಣ್ಣ ಹಚ್ಚಿ ಹಲ್ಲಿನ ಗುರ್ತು ನೋಡಿ ಮುಚ್ಚಿದ್ವಿ. ಗೇರ್ ಎಣ್ಣಿ 80ಡಬ್ಲ್ಯು90 ಬದ್ಲಿ 75ಡಬ್ಲ್ಯು90 ಹಾಕೇನಿ, ಚಳಿಯಾಗ ಎಣ್ಣಿ ಗಟ್ಟಿ ಆಗಬಾರದು ಅಂತ.

ಚಳಿ ಅಂದ್ರ ಬೆಳಗಾವಿ ಚಳಿ ಅಲ್ಲ, ಇಲ್ಲಿ ಒಂದು ಸ್ವೆಟರಿಗೆ ಮುಗೀತೈತಿ. ಜನವರ್ಯಾಗ ಮನಾಲಿ ದಾಟಿ ಲಾಹೌಲ್ ಕಡೆ ಹೋಗೋದು, ನಾನು, ಭಾವ, ಅಕ್ಕ. ಭಾವನ ಹತ್ರ ಆಟೋಮ್ಯಾಟಿಕ್ ಆಲ್ ವೀಲ್ ಡ್ರೈವ್ ಗಾಡಿ ಐತಿ, ಹೆಸರು ಬ್ಯಾಡ ಬಿಡ್ರಿ. ಇಷ್ಟು ದಿನ ನಾ ಅದಕ್ಕ 'ಬಟನ್ ಫೋರ್ ಬೈ ಫೋರ್' ಅಂತ ಚಾಷ್ಟಿ ಮಾಡ್ತಿದ್ದೆ, ಅವರು ನನ್ನ ಗಾಡಿಗೆ ಟ್ರ್ಯಾಕ್ಟರ್ ಅಂತಿದ್ರು.

ಹೊಸ ಕ್ರೌನ್ ಹಾಕಿದ ಮ್ಯಾಲೆ ಎರಡೂ ಗಾಡಿ ಸವದತ್ತಿ ಕಡೆ ಭಾವನ ಹೊಲಕ್ಕ ಒಯ್ದು ನೋಡಿದ್ವಿ. ಎರಿ ಮಣ್ಣು, ಮಲಪ್ರಭಾ ಕಾಲುವಿ ನೀರು ಬಿಟ್ಟಿದ್ರು, ಹೊಲದ ದಾರಿ ಪೂರ್ತಿ ರಾಡಿ. ಜಿಪ್ಸಿ ಫೋರ್ ಲೋ ಒಳಗ ಎಕ್ಸಲೇಟರ್ ಮುಟ್ಟದನ ಹೊಂಟು. ಲೋ ಅಂದ್ರ ಹೈಗಿಂತ ಒಂದೂವರಿ ಪಟ್ಟಿಗೂ ಜರಾ ಜಾಸ್ತಿ ಗೇರಿಂಗ್, ಗಾಲಿ ಮೆಲ್ಲಕ ತಿರಗ್ತಾವ ಆದ್ರ ನಿಲ್ಲಂಗಿಲ್ಲ. ಭಾವನ ಗಾಡಿ ಮೊದ್ಲ ಮುಂದಿನ ಗಾಲಿ ಸುಮ್ನ ತಿರಗಿಸ್ತು, ಒಂದು ಕ್ಷಣ ಬಿಟ್ಟು ಹಿಂದಿನವು ಎಚ್ಚರ ಆದ್ವು, ಆಮ್ಯಾಲೆ ಅದೂ ಹೊಂಟು. ಒಳಗ ಏನ್ ಆಗ್ತೈತಿ ಅಂದ್ರ ಹಿಂದಿನ ಆಕ್ಸಲ್ ಮುಂದ ಒಂದು ಮಲ್ಟಿಪ್ಲೇಟ್ ಕ್ಲಚ್ ಇರ್ತೈತಿ, ಸಾದಾ ರಸ್ತಾದಾಗ ಅದು ಹೆಚ್ಚುಕಮ್ಮಿ ಬಿಟ್ಟಿರ್ತೈತಿ, ಗಾಡಿ ಮುಂದಿನ ಗಾಲಿ ಮ್ಯಾಲೇ ಹೋಗ್ತೈತಿ, ಗಾಲಿ ಜಾರಿದ್ದು ಸೆನ್ಸರಿಗೆ ಗೊತ್ತಾದ ಕೂಡ್ಲೆ ಕಂಪ್ಯೂಟರ್ ಆ ಕ್ಲಚ್ ಒತ್ತತೈತಿ. ಬದುವಿನ ಹತ್ರ ಉದ್ದಕ್ಕ ರಾಡಿ ಇದ್ದಲ್ಲಿ ಭಾವ ಜಿದ್ದಿಗೆ ಬಿದ್ದು ಎಕ್ಸಲೇಟರ್ ಒತ್ತಿ ಹಿಡದ್ರು, ಕ್ಲಚ್ ಕಾದು ಡ್ಯಾಶ್‌ಬೋರ್ಡಿನ್ಯಾಗ ಲೈಟ್ ಹತ್ತಿ ಹಿಂದಿನ ಗಾಲಿ ರಜಾ ತಗೊಂಡ್ವು. ಅಲ್ಲೇ ಹುಗೀತು. ನಾ ಜಿಪ್ಸಿಗೆ ಹಗ್ಗಾ ಕಟ್ಟಿ ಎಳದೆ, ಎಳ್ಯೋವಾಗ ಮಾತಾಡ್ಲಿಲ್ಲ, ನಕ್ಕಿದ್ದು ಮಾತ್ರ ಹೌದು.

ಹಂಗಾರ ಜಿಪ್ಸಿ ಗೆದ್ತು ಅಂತೀರಿ. ಹೊಲದಾಗ ಹೌದು. ಆದ್ರ ಖಡು ಗೆರಿ ಎಣಿಸಿದಾಗಿಂದ ನನ್ನ ತಲ್ಯಾಗ ಒಂದು ಹುಳ ಹೊಕ್ಕಿತ್ತು. ಹೊಲ ಇಡೀ ರಾಡಿ, ಫೋರ್ ಲೋ ಹಾಕಿದ್ರ ಹಾಕಿದ್ದು. ಚಳಿಗಾಲದ ಘಾಟ್ ರಸ್ತಾ ಹಂಗಿರಂಗಿಲ್ಲ. ಬಿಸಲು ಬಿದ್ದಲ್ಲಿ ಒಣಾ ಡಾಂಬರ್, ಗುಡ್ಡದ ನೆರಳಿನ್ಯಾಗ ಕಣ್ಣಿಗೆ ಕಾಣದ ತೆಳು ಐಸ್, ಮುಂದಿನ ತಿರುವಿನ್ಯಾಗ ಮತ್ತ ಡಾಂಬರ್. ಮನಾಲಿ ಕಡೆಯಿಂದ ಲಾಹೌಲಿಗೆ ದಾಟಸೋ ಅಟಲ್ ಸುರಂಗಾನೇ ತಗೋರಿ, 2020ರ ಅಕ್ಟೋಬರ್ 3ಕ್ಕ ಶುರು ಆದದ್ದು, 9.02 ಕಿಲೋಮೀಟರ್, 3,000 ಮೀಟರಿಗಿಂತ ಎತ್ತರದಾಗ. ಹಿಮ ಬಿದ್ದಾಗ ಸೋಲಂಗ್ ಕಡೆಯಿಂದ ಮುಂದ ಪೊಲೀಸರು ಎಷ್ಟೋ ಸಲ ಫೋರ್ ಬೈ ಫೋರ್ ಮಾತ್ರ ಬಿಡ್ತಾರ. ಸುರಂಗದ ಬಾಯಿ ತನಕ ಹಿಮ, ಒಳಗ ಹಿಮ ಬೀಳಾಕ ಜಾಗಾನೇ ಇಲ್ಲ, ಆ ಕಡೆ ಸಿಸ್ಸು ಹತ್ರ ಹೊರಗ ಬಂದ ಕೂಡ್ಲೆ ಮತ್ತ ಹಿಮ. ಜಿಪ್ಸಿಯವ ಒಳಗ ಹೋಗುವಾಗ ಟೂ ಹೈ, ಹೊರಗ ಬರುವಾಗ ಫೋರ್ ಹೈ ಮಾಡಬೇಕು. ಸುರಂಗ ಒಂದೇ ಇದ್ರ ಮಾಡಬಹುದು, ಆದ್ರ ಪ್ರತಿ ನೆರಳಿಗೂ ಪ್ರತಿ ಬಿಸಲಿಗೂ ಲಿವರ್ ಎಳೀತಾ ಕುಂತವ ರಸ್ತಾ ಯಾವಾಗ ನೋಡಬೇಕು? ಎಳೀಲಿಲ್ಲ ಅಂದ್ರ ಎರಡು ಕಷ್ಟ. ಟೂ ಹೈ ಒಳಗ ಐಸ್ ಮ್ಯಾಲೆ ಹೋದ್ರ ಹಿಂದಿನ ಗಾಲಿ ಅಷ್ಟೇ ತಳ್ತಾವ, ಲೀಫ್ ಸ್ಪ್ರಿಂಗಿನ ಹಗರ ಬೆನ್ನು, ಬೀಸಿಕೊಂಡು ಹೋಗ್ತೈತಿ. ಫೋರ್ ಹೈ ಒಳಗ ಡಾಂಬರ್ ತಿರುವಿಗೆ ಬಂದ್ರ ಶಾಫ್ಟ್ ಕಟ್ತೈತಿ, ಕಟ್ಟಿದ್ದು ಮುಂದಿನ ಐಸ್ ತುಣುಕಿನ ಮ್ಯಾಲೆ ಒಮ್ಮೆಲೇ ಬಿಟ್ರ ಮುಂದಿನ ಗಾಲಿ ಸ್ಟೇರಿಂಗ್ ಮಾತು ಕೇಳಂಗಿಲ್ಲ. ತಪ್ಪು ಕ್ರೌನ್ ಹಾಕ್ಕೊಂಡು ಓಡಿಸಿದವ್ನಿಗೆ ಕಟ್ಟೋದು ಅಂದ್ರ ಕೈಯಾಗ ಹೆಂಗ ಬರ್ತೈತಿ ಅಂತ ಈಗ ಚೊಲೋ ಗೊತ್ತೈತಿ. ಭಾವನ ಗಾಡ್ಯಾಗ ಈ ರಗಳೆ ಇಲ್ಲ, ಕ್ಲಚ್ ತಾನೇ ಹಿಡೀತೈತಿ ತಾನೇ ಬಿಡ್ತೈತಿ, ತುಣುಕು ತುಣುಕು ರಸ್ತಾಕ್ಕಂತನ ಮಾಡಿದ್ದು. ಮಾರುತಿ ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ (ಅವರ ಆಲ್ ವೀಲ್ ಡ್ರೈವ್ ಹೆಸರು) ಅಂಥಾದ್ರಾಗ ಸ್ನೋ ಅಂತ ಮೋಡ್ ಬ್ಯಾರೆ ಕೊಟ್ಟಾರ.

ಇಷ್ಟಾದ್ರೂ ಜಿಪ್ಸಿ ಕಡೆಯಿಂದ ಒಂದು ವಕಾಲತ್ತು. ಇಳಿಜಾರಿನ್ಯಾಗ ಫೋರ್ ಲೋ ಹಾಕಿ ಬ್ರೇಕ್ ಮುಟ್ಟದನ ಇಳಿಯೋದು ಐತಲ್ಲ, ಇಂಜಿನ್ ಹಿಡಿತ ನಾಕೂ ಗಾಲಿಗೆ ಹಂಚಿ ಹೋಗ್ತೈತಿ, ಅದು ಕ್ಲಚ್ ಗಾಡಿಗೆ ಬರಂಗಿಲ್ಲ. ಮೊಣಕಾಲುದ್ದ ಹಿಮದಾಗ, ಯಾರೂ ತಗೀದ ರಸ್ತಾದಾಗ, ನಾ ಇವತ್ತೂ ಪಾರ್ಟ್ ಟೈಮೇ ಒಯ್ತೀನಿ. ನಾವು ಹೊಂಟಿದ್ದು ಬುಲ್ಡೋಜರ್ ತಗದ ರಸ್ತಾಕ್ಕ, ಹೋಟೆಲಿನ್ಯಾಗ ಮಲಗಾಕ. ಮ್ಯಾಲೆ ಭಾವ ಕಡೀ ಬಾಣ ಬಿಟ್ರು, "ನಿನ್ನ ಗಾಡ್ಯಾಗ ಹೀಟರ್ ಇಲ್ಲ, ಬಾಗಲಾ ಸಂದಿಂದ ಗಾಳಿ ಬರ್ತೈತಿ, ನಿಮ್ಮಕ್ಕ ಅದ್ರಾಗ ಕೂಡಂಗಿಲ್ಲ ನೋಡಪಾ." ಅಕ್ಕನ ಮುಂದ ಗೇರ್ ರೇಶಿಯೋ ನಡಿಯಂಗಿಲ್ಲ. ಭಾವನ ಗಾಡೀನ ಹೋಗೋದು.

ಆದ್ರ ಭಾವ ಗೆದ್ದ ಖುಷ್ಯಾಗ ಇದ್ದ ಟೈರಿನ ಮ್ಯಾಲೇ ಹೋಗೋಣು ಅಂತಾರ, ಅಲ್ಲಿ ನಾ ಒಪ್ಪಿಲ್ಲ. ನಾಕು ಗಾಲಿಗೆ ಶಕ್ತಿ ಹೋದ್ರ ಗಾಡಿ ಹೊರಡಾಕ ಅನುಕೂಲ, ನಿಲ್ಲಾಕ ಅಲ್ಲ. ಬ್ರೇಕ್ ಎಲ್ಲಾ ಗಾಡಿಗೂ ನಾಕೇ ಗಾಲಿಗೆ, ಐಸ್ ಮ್ಯಾಲೆ ನಿಲ್ಸೋದು ರಬ್ಬರ್. ಚಳಿಗಾಲದ ಟೈರಿಗೆ ಮೂರು ಶಿಖರದ ಗುಡ್ಡ, ಅದ್ರಾಗ ಹಿಮದ ಹರಳು, ಹಿಂಗ ಒಂದು ಗುರ್ತು ಇರ್ತೈತಿ, ಆ ರಬ್ಬರ್ ಚಳಿಗೆ ಗಟ್ಟಿ ಆಗಂಗಿಲ್ಲ. ಬೆಳಗಾವ್ಯಾಗ ಟೈರ್ ಅಂಗಡಿಯವಗ ಅದನ್ನ ಕೇಳಿದ್ರ ಮಳಿಗಾಲದ ಟೈರ್ ತೋರಿಸಿದ. ಕೂಲಂಟ್ ಕೇಳಿದ್ರೂ ಅದೇ ಹಾಡು, "ನೀರ್ ಹಾಕ್ರಿ ಸಾಹೇಬ್ರ, ಎಲ್ಲಾರೂ ಅದನ್ನೇ ಹಾಕ್ತಾರ." ನೀರು ಹಾಕಿ ಲಾಹೌಲಿನ ಕೇಲಾಂಗ್‌ನ್ಯಾಗ ರಾತ್ರಿ ನಿಲ್ಸಿದ್ರ ಇಂಜಿನ್ ಬ್ಲಾಕ್ ಒಡದು ಬರ್ತೈತಿ, ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಹಾಕಿದ್ರ -37 ಡಿಗ್ರಿ ಹತ್ರ ತನಕ ಕಾಳಜಿ ಇಲ್ಲ.

ಹೊಲಕ್ಕ ಹೋದಾಗ ಇನ್ನೊಂದು ಕೆಲಸಾನೂ ಗಂಟು ಬಿತ್ತು. ಭಾವನ ಬಾವಿ ಹತ್ರ ಅವರಜ್ಜನ ಕಾಲದ ಕಿರ್ಲೋಸ್ಕರ್ ಆಯಿಲ್ ಇಂಜಿನ್ ಬಿದ್ದೈತಿ, ಫ್ಲೈವೀಲ್ ಅರ್ಧ ಮಣ್ಣಾಗ, ಆದ್ರ ಕೈಲೆ ತಿರುಗಿಸಿದ್ರ ಕಂಪ್ರೆಶನ್ ಇನ್ನೂ ಐತಿ! ಲಕ್ಷ್ಮಣರಾವ್ ಕಿರ್ಲೋಸ್ಕರ್ ಶುರು ಮಾಡಿದ್ದು ನಮ್ಮೂರಾಗನ, 1888ರ ಸೈಕಲ್ ಅಂಗಡಿಲಿಂದ, ಕಿರ್ಲೋಸ್ಕರವಾಡಿಗೆ ಹೋಗಿದ್ದು 1910ರಾಗ, ಹಂಗಾಗಿ ಇದನ್ನ ಬಿಟ್ಟು ಬರಾಕ ಮನಸ್ಸಾಗ್ಲಿಲ್ಲ. ಇಂಜೆಕ್ಟರ್ ಪಂಪ್ ಬಿಚ್ಚಿ ಡೀಸೆಲಿನ್ಯಾಗ ನೆನಸಿಟ್ಟೇನಿ, ಲಾಹೌಲಿಂದ ಬಂದ ಮ್ಯಾಲೆ ಅದರ ಲಾಗ್ ಬರೀತೀನಿ. ಹೆಂಡತಿಗೆ ಇನ್ನೂ ಹೇಳಿಲ್ಲ.

ಸದ್ಯಕ್ಕ ಬೇಕಾಗಿದ್ದು ಹಿಮದ ಚೈನು, ಭಾವನ ಗಾಡಿ ಸೈಜು 215/60 ಆರ್17. ಗಾಡಿ ಮೂಲ ಫ್ರಂಟ್ ವೀಲ್ ಇದ್ದಕ್ಕ ಒಂದೇ ಜೋಡಿ ಇದ್ರ ಮುಂದಿನ ಗಾಲಿಗೆ ಹೋಗ್ತೈತಿ. ಮನಾಲಿಯಾಗ ಬಾಡಗಿಗೆ ಸಿಗ್ತಾವ, ಆದ್ರ ನಾ ಇಲ್ಲೇ ಅಂಗಳದಾಗ ಹಾಕಿ ತಗದು ರೂಢಿ ಮಾಡ್ಕೋಬೇಕು, ಆ ಚಳ್ಯಾಗ ಬೆರಳು ಮಾತು ಕೇಳಂಗಿಲ್ಲ. ಹುಬ್ಬಳ್ಳಿ, ಕೊಲ್ಹಾಪುರ, ಗೋವಾ ಕಡೆ ಯಾರ ಹತ್ರರ ಇದ್ರ ಹೇಳ್ರಿ, ಬಂದು ಒಯ್ತೀನಿ. ಬದಲಿಗೆ ರೊಕ್ಕ ಇಲ್ಲಾಂದ್ರ ಒಂದು ಜೆನ್ಯೂನ್ ಮಿಲಿಟರಿ ಕ್ರೌನ್-ಪಿನಿಯನ್ ಕೊಡ್ತೀನಿ, ಫಿಟ್ ಅಂತೂ ಆಗ್ತೈತಿ.